ಬಾಗಿಲ ಪಕ್ಕದ ಮೊಳೆ

ಕೀಲಿಗೊಂಚಲು ಮೊಳೆಗೆ ತಾಗಿದ ಸದ್ದು ಕೇಳಿದ ಮೇಲೆಯೇ ಅವಳಿಗೆ ನಿದ್ದೆ. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಹಾಗೇ. ಎಷ್ಟು ಹೊತ್ತಾದರೂ ಸರಿ, ಮುಂಬಾಗಿಲ ಪಕ್ಕದ ಮೊಳೆಯಲ್ಲಿ ಝಣ್ ಎಂದಿತೆಂದರೆ ಗಾಡಿ ಶೆಡ್ಡು ಸೇರಿತು, ಗಂಡ ಮನೆ ಸೇರಿದ, ಇನ್ನು ಕಣ್ಣು ಮುಚ್ಚಬಹುದು. ಆ ರಾತ್ರಿ ಸದ್ದೇನೋ ಬಂತು, ಆದರೆ ಎಂದಿನಂತೆ ಬರಲಿಲ್ಲ. ಗೊಂಚಲು ಮೊದಲು ಗೋಡೆಗೆ ಉಜ್ಜಿತು, ಮೊಳೆ ತಪ್ಪಿತು, ಇನ್ನೊಮ್ಮೆ ತಪ್ಪಿತು. ಕಣ್ಣು ಮುಚ್ಚಿಕೊಂಡರೂ ಸಿಗುವ ಮೊಳೆ ಇವತ್ತು ಸಿಗುತ್ತಿಲ್ಲವೆಂದರೆ ಏನೋ ಆಗಿದೆ ಎಂದು ಅವಳಿಗೆ ಹಾಸಿಗೆಯಲ್ಲೇ ಗೊತ್ತಾಯಿತು.

ಎದ್ದು ಬಂದಳು. ಗಂಡ ಅಡುಗೆಮನೆಯಲ್ಲಿ ದೀಪ ಹಾಕದೆ ನೀರು ಕುಡಿಯುತ್ತಿದ್ದ.

“ಏನಾಯ್ತು ರೀ?”

“ಏನಿಲ್ಲ. ಮಲ್ಕೋ ಹೋಗು.”

“ಏನಿಲ್ಲ ಅಂದ್ರೆ ಲೋಟ ಯಾಕೆ ಹಲ್ಲಿಗೆ ಬಡೀತಿದೆ?”

ಅವನು ಲೋಟ ಕೆಳಗಿಟ್ಟ. “ಗಾಡಿ ನಿಂತೋಯ್ತು. ಇಳಿಜಾರಲ್ಲಿ. ಇಂಜಿನ್ ಉಸಿರೇ ಇಲ್ಲ. ಸ್ಟೇರಿಂಗ್ ಕಲ್ಲಾಗೋಯ್ತು, ಬ್ರೇಕ್ ತುಳಿದ್ರೆ ಗೋಡೆ ತುಳಿದ ಹಾಗೆ. ಮಣ್ಣಿನ ದಿಬ್ಬಕ್ಕೆ ಉಜ್ಜಿ ಹೇಗೋ ನಿಲ್ಲಿಸಿದೆ. ಇಳಿದು, ಬಾನೆಟ್ ಎತ್ತಿ, ಅಲ್ಲಿ ಇಲ್ಲಿ ತಟ್ಟಿ, ಮತ್ತೆ ಕೀ ತಿರುಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತು.”

“ಮಕ್ಕಳು?”

“ಎಲ್ಲರನ್ನೂ ಇಳಿಸಿ ಆಗಿತ್ತು. ಇವತ್ತು.”

ಆ ಕೊನೆಯ ಮಾತು ಅವಳ ಕಿವಿಗೆ ಮುಳ್ಳಿನಂತೆ ಸಿಕ್ಕಿಕೊಂಡಿತು. ಅಚ್ಚುಮನೆಯ ಕರಡು ತಿದ್ದುವುದು ಅವಳ ಕೆಲಸ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ದಿನವಿಡೀ ಇಂಥ ಸಣ್ಣ ಮಾತುಗಳನ್ನೇ ಹುಡುಕುವವಳು.

“ಇವತ್ತು ಅಂದ್ರೆ? ಮುಂಚೆನೂ ಆಗಿದೆಯಾ?”

ಅವನು ಲೋಟ ತೊಳೆದಿಟ್ಟು ಒಳಗೆ ಹೋದ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಉತ್ತರ ಮಗಳ ಬಾಯಿಂದ ಬಂತು. ಮನೆಯವರೆಲ್ಲ ಗುಬ್ಬಿ ಎಂದು ಕರೆಯುವ ಆ ಎರಡನೇ ತರಗತಿಯ ಹುಡುಗಿಗೆ ಸಂಜೆ ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ಬೆಟ್ಟ ಹತ್ತಿ ಇಳಿಯುವುದೆಂದರೆ ಪ್ರಾಣ. ಮೇಲಿನ ಮನೆಗಳ ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಇಳಿಸಿ, ಸಂಜೆ ಮರಳಿ ಹತ್ತಿಸುವುದು, ಆಮೇಲೆ ರಾತ್ರಿ ಬಾಡಿಗೆ ಸಿಕ್ಕರೆ ಅದಕ್ಕೂ ಹೋಗುವುದು ಅವಳಪ್ಪನ ದುಡಿಮೆ. ಆ ಕಡಿದಾದ ಜಲ್ಲಿ ರಸ್ತೆಯನ್ನು ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ ಮಾತ್ರ ಹತ್ತುತ್ತಿತ್ತು. ಅಜ್ಜನ ಕಾಲದ ಆ ಗಾಡಿಗೆ ಮನೆಯಲ್ಲಿ ‘ಮುದುಕ’ ಎಂದೇ ಹೆಸರು.

“ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರುತ್ತೆ,” ಎಂದರು ಮಾವ, ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತ. “ಇಷ್ಟಕ್ಕೆ ಹೀಗೆ ಮುಖ ಮಾಡ್ಕೊಂಡು ಕೂತಿದ್ದೀಯಾ? ನಾನು ಆಯುಸ್ಸೆಲ್ಲ ಅದನ್ನೇ ಓಡಿಸಿದೆ. ಒಂದು ದಿನಾನೂ ನನ್ನ ಕೈ ಬಿಟ್ಟಿಲ್ಲ.”

“ಆವತ್ತೂ ನಿಂತಿತ್ತಲ್ಲಪ್ಪಾ,” ಎಂದಳು ಗುಬ್ಬಿ. “ಮೋರಿ ಹತ್ರ ತೂಕಡಿಸಿ ಆಮೇಲೆ ಎದ್ದಿತ್ತಲ್ಲ? ಅಮ್ಮನಿಗೆ ಹೇಳ್ಬೇಡ ಅಂದಿದ್ದೆ ನೀನು.”

ಅವಳು ಗಂಡನ ಕಡೆ ತಿರುಗಿದಳು.

“ಗುಬ್ಬಿ ಇನ್ನು ಗಾಡೀಲಿ ಬೆಟ್ಟಕ್ಕೆ ಹೋಗೋದು ಬೇಡ,” ಎಂದಳು.

“ನಮ್ಮ ಮಗು ಬೇಡ, ಊರವರ ಮಕ್ಕಳಾದ್ರೆ ಪರವಾಗಿಲ್ವಾ?” ಗಂಡ ಮೇಲೆದ್ದ. “ಅವರಮ್ಮಂದಿರಿಗೆ ನಾನು ಏನಂತ ಹೇಳ್ಲಿ?”

“ರಿಪೇರಿ ಮಾಡಿಸಿ ಅಂತ ಹೇಳ್ತಿದೀನಿ.”

“ಮಾಡಿಸೋಣ ಬಿಡು, ಬೆಳಬೆಳಿಗ್ಗೆ ಕಿರುಚಾಡ್ಬೇಡಿ,” ಎಂದು ಅತ್ತೆ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿದರು.

ಗಾಡಿ ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲಿ ಒಂದು ಕ್ರಮವಿತ್ತು. ಅತ್ತೆ ಮೊಳೆಯಿಂದ ಗೊಂಚಲು ತೆಗೆದು, ಕೀಲಿಗಳನ್ನು ಪೋಣಿಸಿದ್ದ ಬಿಗಿಯಾದ ಉಕ್ಕಿನ ಬಳೆಯನ್ನು ಚಮಚದ ತುದಿಯಿಂದ ಅಗಲಿಸಿ, ಗಾಡಿಯ ಕೀಯೊಂದನ್ನೇ ಬಿಡಿಸಿ ಕೊಡುತ್ತಿದ್ದರು. ಉಳಿದದ್ದು ಅವರ ಸೊಂಟಕ್ಕೆ. ಹಿತ್ತಲ ಬಾಗಿಲಿನದು, ಉಗ್ರಾಣದ್ದು, ಎರಡು ಬೀರುವಿನವು, ಮಾಳಿಗೆಯದು, ಅಂಗೈಯುದ್ದದ ಕಬ್ಬಿಣದ ಪೆಟ್ಟಿಗೆ ಕೀಲಿ, ಜೊತೆಗೆ ಯಾವುದಕ್ಕೂ ಬೇಡವಾದ ಒಂದು ಹಿತ್ತಾಳೆ ಬೀಗವೂ ಅದರಲ್ಲೇ ತೂಗುತ್ತಿತ್ತು.

“ಗ್ಯಾರೇಜಿಗೆ ದಿಕ್ಕುದೆಸೆ ಇಲ್ಲದವರೆಲ್ಲ ಬರ್ತಾರೆ. ಮನೆ ಕೀ ಅವರ ಕೈಗೆ ಕೊಡೋಕಾಗುತ್ತಾ?” ಎನ್ನುತ್ತಿದ್ದರು.

ಮೊದಲು ಆ ಬಳೆಯಲ್ಲಿ ಗಾಡಿಯದೂ ಮುಂಬಾಗಿಲಿನದೂ ಎರಡೇ ಇದ್ದವು. ಈ ಸಲ ಚಳಿ ಶುರುವಾದ ಹೊತ್ತಿಗೆ ಅತ್ತೆಯ ಚಿನ್ನದ ಓಲೆ ಕಾಣೆಯಾಯಿತು. ಮನೆಯೆಲ್ಲ ಜಾಲಾಡಿದರು. ಅತ್ತೆ ಮಾವ ಹೊರಗೆ ಹೋದರೂ ಹಗಲಿಡೀ ಮನೆಯಲ್ಲಿರುವವಳು ಸೊಸೆಯೊಬ್ಬಳೇ. ಅತ್ತೆ ಒಂದು ಮಾತೂ ಆಡಲಿಲ್ಲ. ಆದರೆ ಅದರ ಮರುವಾರದಿಂದ ಒಂದೊಂದೇ ಕೀಲಿ ಗಾಡಿಯ ಬಳೆಗೆ ಏರತೊಡಗಿತು. ಗಾಡಿಯ ಜೊತೆ ಕೀಲಿಗಳೂ ಹಗಲೆಲ್ಲ ಬೆಟ್ಟದ ಮೇಲೆ. ದಿನವಿಡೀ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅನುಮಾನ ಎದ್ದು ಕಾಣುತ್ತಿತ್ತು. ಗಂಡಸರಿಗೆ ಇದೆಲ್ಲ ಕಾಣಲಿಲ್ಲ. ‘ಅಮ್ಮ ಹಾಕಿದಾಳೆ, ಇರ್ಲಿ’ ಎಂದು ಗಂಡ ಜೇಬಿಗಿಳಿಸಿದ. ಅವಳಿಗೆ ಕಂಡಿತ್ತು. ಉಗ್ರಾಣದಿಂದ ಬೇಕಾದ್ದನ್ನು ಬೆಳಿಗ್ಗೆಯೇ ಕೇಳಿ ತೆಗೆಸಿಟ್ಟುಕೊಳ್ಳುವುದನ್ನು ಅವಳು ಬಾಯಿಮುಚ್ಚಿಕೊಂಡು ರೂಢಿಮಾಡಿಕೊಂಡಿದ್ದಳು.

ಮೆಕ್ಯಾನಿಕ್ಕಿಗೆ ಊರಿಟ್ಟ ಹೆಸರು ರೇಡಿಯೊ. ಮಾತು ಶುರುವಾದರೆ ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಅವನು ಫಿಲ್ಟರ್ ಬದಲಾಯಿಸಿದ, ಟ್ಯಾಂಕು ತೊಳೆದ, ಬ್ಯಾಟರಿಯ ತಂತಿಗಳನ್ನು ಉಜ್ಜಿ ಬಿಗಿದ. ಬೆಟ್ಟದ ರಸ್ತೆಯಲ್ಲೇ ಹತ್ತಿಸಿದ, ಇಳಿಸಿದ, ರಸ್ತೆಯ ಹಳ್ಳಗಳನ್ನು ಹುಡುಕಿ ಹುಡುಕಿ ಅದರಲ್ಲೇ ಬಿಟ್ಟ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

ಮನೆಗೆ ಬಂತು. ಅತ್ತೆ ಬಳೆಗೆ ಕೀ ಸೇರಿಸಿ ಮೊಳೆಗೆ ಹಾಕಿದರು. ಅದೇ ವಾರ, ಮಕ್ಕಳನ್ನು ತುಂಬಿಕೊಂಡು ಇಳಿಯುವಾಗ, ಮತ್ತೆ ನಿಂತಿತು.

ಎರಡನೇ ಸಲ ಗ್ಯಾರೇಜಿಗೆ ಅವಳೂ ಹೋದಳು.

“ನೋಡಿ ಅಕ್ಕಾ, ಇವನು ನನ್ನ ಹತ್ರ ಬಂದ್ರೆ ಹೊಸ ಅಳಿಯ,” ಎಂದು ರೇಡಿಯೊ ಗಾಡಿಯ ಬೆನ್ನು ತಟ್ಟಿದ. “ತಲೆ ಎತ್ತದೆ ಕೂತಿರ್ತಾನೆ. ನಿಮ್ಮನೆಗೆ ಹೋದ್ರೆ ಮುದ್ದಿನ ಮಗ, ಬೇಕಾದಾಗ ಮಲಗ್ತಾನೆ. ಕಾಯಿಲೆ ನನ್ನ ಕಣ್ಣಿಗೆ ಬೀಳದೆ ನಾನು ಯಾವ ಔಷಧಿ ಕೊಡ್ಲಿ?”

“ಹಾಗಾದ್ರೆ ಹೇಗೆ ಗೊತ್ತಾಗ್ಬೇಕು?”

“ಒಂದು ಉಪಾಯ ಇದೆ. ನಿಂತ ಕ್ಷಣ ಮೀಟರ್ ಹತ್ರ ನೋಡಿ. ಕೆಂಪು ದೀಪ ಎರಡು ಇವೆ, ಒಂದು ಆಯಿಲ್‌ದು, ಒಂದು ಬ್ಯಾಟರೀದು. ಇಂಜಿನ್ ಸತ್ತಾಗ ಅವು ಹತ್ತಬೇಕು. ಹತ್ತಿದ್ರೆ ತೊಂದರೆ ಡೀಸೆಲ್‌ದು. ಹತ್ತದೆ ಕತ್ತಲಾಗಿದ್ರೆ ಕರೆಂಟೇ ಎಲ್ಲೋ ಕಡಿದುಹೋಗ್ತಿದೆ. ಅಷ್ಟು ಹೇಳಿದ್ರೆ ಸಾಕು, ಉಳಿದದ್ದು ನಾನು ಹಿಡೀತೀನಿ.” ಗಂಡನ ಕಡೆ ತಿರುಗಿ, “ನೋಡಿದ್ರಾ ಅಣ್ಣಾ ದೀಪ?” ಎಂದ.

ಗಂಡ ನೆಲ ನೋಡಿದ. “ಮುಂದೆ ಪ್ರಪಾತ ಇರೋವಾಗ ದೀಪ ಯಾರು ನೋಡ್ತಾರೆ?”

ಆ ದಿನಗಳಲ್ಲಿ ಅವನು ಊಟ ಬಿಟ್ಟ. ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಎದ್ದುಬಿಡುತ್ತಿದ್ದ. ಮಾವ ಸುಮ್ಮನಿರುವವರಲ್ಲ.

“ಗ್ಯಾರೇಜಿನವನು ಓಡಿಸಿದ್ರೆ ನಿಲ್ಲಲ್ಲ, ನೀನು ಓಡಿಸಿದ್ರೆ ನಿಲ್ಲುತ್ತೆ. ಅಂದ್ರೆ ಏನರ್ಥ? ನಿಂತ್ರೂ ಏನಂತೆ, ಕ್ಲಚ್ ತುಳೀಬೇಡ, ಗೇರಲ್ಲೇ ಬಿಡು, ಗಾಡಿ ತಾನೇ ಹಿಡ್ಕೊಳ್ಳುತ್ತೆ. ಮೀಸೆ ಚಿಗುರೋ ಮೊದಲೇ ಹೇಳಿಕೊಟ್ಟಿದ್ದೆ. ಹೆದರಿ ಕ್ಲಚ್ ತುಳಿಯೋನು ಡ್ರೈವರ್ರಾ?”

“ಹಿಂದೆ ಮಕ್ಕಳು ಕಿರುಚ್ತಿದ್ರೆ ನಿಮಗೆ ಗೊತ್ತಾಗ್ತಿತ್ತು!”

“ನಾಳೆಯಿಂದ ನಾನೇ ಓಡಿಸ್ತೀನಿ, ಕೊಡು ಕೀ.”

“ಒಂದು ಕಣ್ಣಲ್ಲಿ ಓಡಿಸ್ತೀರಾ?” ಎಂದು ಅತ್ತೆ ಸೌಟು ಕೆಳಗಿಟ್ಟರು. “ಮೊನ್ನೆ ಬಾಗಿಲು ಅಂತ ಗೋಡೆಗೆ ನುಗ್ಗಿದ್ದು ಮರೆತೋಯ್ತಾ?”

ಗುಬ್ಬಿ ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಆ ಶನಿವಾರ ಗಂಡನಿಗೆ ಜ್ವರ ಬಂತು. ಮಾವ ಸೋಮವಾರ ತಾವೇ ಹೋಗುವುದೆಂದು ಹಳೆಯ ಕನ್ನಡಕ ಒರೆಸಿಟ್ಟುಕೊಂಡರು. ಮದುವೆಯಾದ ಹೊಸದರಲ್ಲಿ ಆಟದ ಬಯಲಿನಲ್ಲಿ ಗಂಡ ಅವಳಿಗೆ ಇದೇ ಗಾಡಿ ಕಲಿಸಿದ್ದ, ಲೈಸೆನ್ಸೂ ಮಾಡಿಸಿದ್ದ. ಭಾನುವಾರ ಮಧ್ಯಾಹ್ನ, ಗಂಡ ಮಾತ್ರೆಯ ಮಂಪರಿನಲ್ಲಿರುವಾಗ, ಅವಳು ಮೊಳೆಯಿಂದ ಗೊಂಚಲು ತೆಗೆದಳು. ಮಕ್ಕಳಿಲ್ಲದ ದಿನ, ಯಾರೂ ಇಲ್ಲದ ರಸ್ತೆ. ನಿಂತರೆ ದೀಪ ನೋಡಬೇಕು, ಅಷ್ಟೇ.

“ಎಲ್ಲಿಗೆ?” ಅತ್ತೆ ಹಿಂದೆಯೇ ಬಂದಿದ್ದರು. ಅವರ ಕಣ್ಣಿದ್ದದ್ದು ಗೊಂಚಲಿನ ಮೇಲೆ.

“ತರಕಾರಿಗೆ ಅತ್ತೆ.”

“ತರಕಾರಿಗೆ ಗಾಡಿ ಯಾಕೆ? ಸರಿ, ನಾನೂ ಬರ್ತೀನಿ. ಸ್ವಲ್ಪ ಗಾಳಿಯಾದ್ರೂ ಆಡುತ್ತೆ.”

ಸೊಸೆಯೊಬ್ಬಳ ಕೈಗೆ ಪೆಟ್ಟಿಗೆ ಕೀಲಿ ಕೊಟ್ಟು ಕಳಿಸಲಾರರು. ಎದುರಿಗೇ ನಿಂತು ಬಳೆಯಿಂದ ಬಿಡಿಸಿಕೊಳ್ಳಲೂ ಅವರಿಗಾಗದು. ಅವಳಿಗೆ ಅರ್ಥವಾಯಿತು. “ಬನ್ನಿ,” ಎಂದಳು.

ಸಂತೆಬೀದಿ ದಾಟಿ ಗಾಡಿ ಬೆಟ್ಟದ ಕಡೆ ತಿರುಗಿದಾಗ ಅತ್ತೆ ಸೀಟಿನ ಅಂಚು ಹಿಡಿದುಕೊಂಡರು.

“ತರಕಾರಿ ಮೇಲೆ ಬೆಳೀತಾರಾ?”

“ಸುಳ್ಳು ಹೇಳಿದೆ ಅತ್ತೆ. ಇದು ಯಾಕೆ ನಿಲ್ಲುತ್ತೆ ಅಂತ ನೋಡ್ಬೇಕು. ನಾಳೆ ಮಾವ ಓಡಿಸ್ತಾರಂತೆ. ಇಳೀತೀರಾ? ಇಲ್ಲೇ ಇಳಿಸ್ತೀನಿ.”

ಅತ್ತೆ ಗೊಂಚಲನ್ನು ನೋಡಿದರು, ರಸ್ತೆ ನೋಡಿದರು. “ನಡಿ,” ಎಂದರು.

ಹತ್ತುವಾಗ ಏನೂ ಆಗಲಿಲ್ಲ. ಮೇಲೆ ತಿರುಗಿಸಿಕೊಂಡು, ಚಿಕ್ಕ ಗೇರಿನ ಕೋಲು ಎಳೆದು, ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಇಳಿಯತೊಡಗಿದಳು. ಎಡಕ್ಕೆ ಬಂಡೆ, ಬಲಕ್ಕೆ ಕಣಿವೆ. ಜಲ್ಲಿಯ ಮೇಲೆ ಗಾಡಿ ಗಡಗಡ ನಡುಗುತ್ತಿತ್ತು. ಗೊಂಚಲು ಅವಳ ಮೊಣಕಾಲಿನ ಬಳಿ ಝಣಝಣ ಕುಣಿಯುತ್ತಿತ್ತು. ಗುಬ್ಬಿ ಹೇಳಿದ್ದ ಮೋರಿ ಬಂತು. ಮುಂದಿನ ಚಕ್ರ ಧಡ್ ಎಂದು ಹಾರಿ ಬಿತ್ತು.

ಅಷ್ಟೇ. ಇಂಜಿನ್ನಿನ ಸದ್ದು ಯಾರೋ ಬಾಯಿ ಮುಚ್ಚಿದ ಹಾಗೆ ನಿಂತಿತು.

ಎಷ್ಟು ಸಲ ಕೇಳಿ ಗೊತ್ತಿದ್ದರೂ ಅವಳ ಕಾಲು ತನ್ನಷ್ಟಕ್ಕೆ ಕ್ಲಚ್ಚಿಗೆ ಹೋಯಿತು. ಗಾಡಿ ಕಡಿವಾಣ ಕಳಚಿದಂತೆ ಜಾರಿತು. ಚಕ್ರದ ಕೆಳಗೆ ಜಲ್ಲಿ ಸಿಡಿಯುವ ಸದ್ದು, ಕೀಲಿಗಳ ಸದ್ದು, ಬೇರೇನೂ ಇಲ್ಲ. ಸ್ಟೇರಿಂಗ್ ಎಳೆದಳು, ಅದು ಅಲುಗಲಿಲ್ಲ. ಅತ್ತೆಯ ಕೈ ಬಂದು ಅವಳ ತೋಳನ್ನು ಕಚ್ಚಿ ಹಿಡಿಯಿತು. “ಅಯ್ಯೋ ನನ್ನವ್ವಾ, ಅಯ್ಯೋ ನನ್ನವ್ವಾ” ಎನ್ನುತ್ತಿದ್ದರು. ರಸ್ತೆ ಎಡಕ್ಕೆ ಹೊರಳುತ್ತಿತ್ತು, ಗಾಡಿ ನೇರಕ್ಕೆ ಹೋಗುತ್ತಿತ್ತು. ಎದುರಿಗೆ ಆಕಾಶ, ಅದರ ಕೆಳಗೆ ಮರಗಳ ತುದಿ.

ಹೆದರಿ ಕ್ಲಚ್ ತುಳಿಯೋನು ಡ್ರೈವರ್ರಾ?

ಕಾಲು ತೆಗೆದಳು. ಗಾಡಿ ಮೂಗು ಮುಗ್ಗರಿಸಿದ ಹಾಗೆ ತಡೆಯಿತು, ಗರಗರ ಎಂದಿತು, ಹಿಡಿಯಿತು. ಎರಡೂ ಕಾಲಿನಿಂದ ಬ್ರೇಕಿನ ಮೇಲೆ ನಿಂತು ಕೈಬ್ರೇಕು ಎಳೆದಳು. ಬಲಚಕ್ರ ಅಂಚಿನ ಕಲ್ಲಿಗೆ ಗುದ್ದಿ ನಿಂತಿತು. ಆ ಕಲ್ಲು ಸ್ವಲ್ಪ ಅಲುಗಾಡಿ ಅದೂ ನಿಂತಿತು.

ಅವಳು ಬಲಗಡೆಗೆ ನೋಡಲಿಲ್ಲ. ಬಂದದ್ದು ಯಾತಕ್ಕೆಂದು ನೆನಪಾಗಿ ಮೀಟರ್ ನೋಡಿದಳು. ಕೀ ತಿರುಗಿಸಿದ ಹಾಗೇ ಇತ್ತು. ದೀಪಗಳಿರಲಿಲ್ಲ, ಕತ್ತಲು.

“ಹತ್ತಿಲ್ಲ,” ಎಂದಳು. “ಕೆಂಪು ದೀಪ ಹತ್ತಿಲ್ಲ.”

ಗೊಂಚಲು ಇನ್ನೂ ತೂಗುತ್ತಲೇ ಇತ್ತು. ಅತ್ತೆ ಆ ಸದ್ದು ತಾಳಲಾರದೆ ಕೈ ಚಾಚಿ ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದರು. ಎರಡು ಕೆಂಪು ದೀಪಗಳು ಫಕ್ಕನೆ ಹತ್ತಿದವು.

ಅತ್ತೆ ಬೆಂಕಿ ಮುಟ್ಟಿದವರಂತೆ ಕೈ ಬಿಟ್ಟರು. ದೀಪಗಳು ಆರಿದವು.

“ಇನ್ನೊಂದ್ಸಲ ಎತ್ತಿ ಅತ್ತೆ.”

ಎತ್ತಿದರು. ಹತ್ತಿದವು. ಬಿಟ್ಟರು. ಆರಿದವು. ವಿವರಿಸಿ ಹೇಳುವ ಅಗತ್ಯವಿರಲಿಲ್ಲ. ಗ್ಯಾರೇಜಿಗೆ ಗಾಡಿ ಹೋದಾಗಲೆಲ್ಲ ಈ ಭಾರ ಅತ್ತೆಯ ಸೊಂಟದಲ್ಲಿರುತ್ತಿತ್ತು. ಬೆಟ್ಟಕ್ಕೆ ಹೋದಾಗ ಇಲ್ಲಿ ಜೋತಾಡುತ್ತ, ಕೀ ತಿರುಗಿಸುವ ಸ್ವಿಚ್ಚನ್ನು ಒಳಗೊಳಗೇ ಸವೆಸುತ್ತಿತ್ತು.

ಅತ್ತೆ ಗೊಂಚಲಿನಿಂದ ಕಣ್ಣು ತೆಗೆಯಲಿಲ್ಲ. “ಓಲೆ ಸಿಕ್ಕಿತ್ತು ಕಣೇ.”

“ಯಾವಾಗ?”

“ಆಗ್ಲೇ. ಹಳೇ ಸ್ವೆಟರ್ ಜೇಬಲ್ಲೇ ಇತ್ತು.”

“ಮತ್ತೆ ಈ ಕೀಗಳು?”

“ತೆಗೆದ್ರೆ ಯಾಕೆ ತೆಗೆದೆ ಅಂತ ಕೇಳ್ತಿದ್ರಲ್ಲ. ಏನಂತ ಹೇಳ್ಲಿ? ನಿನ್ನ ಮೇಲೆ ಅನುಮಾನ ಇತ್ತು, ಈಗಿಲ್ಲ ಅಂತಾನಾ?”

ಅವಳಿಗೆ ಸಿಟ್ಟು ಬರಬೇಕಿತ್ತು. ಇಷ್ಟು ದಿನ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತುಗಳಿದ್ದವು. ಒಂದೂ ಬರಲಿಲ್ಲ.

“ಗುಬ್ಬಿ ಕೂತಿದ್ದು ಇದೇ ಸೀಟಲ್ಲಿ ಅತ್ತೆ. ನೀವು ಕೂತಿರೋದರಲ್ಲಿ.”

ಅತ್ತೆ ತಾವು ಕೂತ ಜಾಗವನ್ನೊಮ್ಮೆ ನೋಡಿಕೊಂಡರು. ಆಮೇಲೆ ಗೊಂಚಲು ಎಳೆದುಕೊಂಡು ಬಳೆ ಬಿಡಿಸತೊಡಗಿದರು. ಚಮಚವಿರಲಿಲ್ಲ. ಉಗುರು ಹಾಕಿ ಅಗಲಿಸಿದರು, ಉಗುರು ಸೀಳಿತು, ಬಿಡಲಿಲ್ಲ. ಗಾಡಿಯ ಕೀಯೊಂದು ಉಳಿದು ಮಿಕ್ಕದ್ದೆಲ್ಲ ಅವರ ಮಡಿಲಿಗೆ ಬಿತ್ತು.

ಸವೆದ ಸ್ವಿಚ್ಚು ಬರೀ ಕೀಯಿಂದಲೂ ಮತ್ತೆ ಕೈಕೊಡಬಹುದಿತ್ತು. ಇಂಜಿನ್ ಹತ್ತಿಸಿ, ಹಿಂದಕ್ಕೆ ತೆಗೆದು, ಅತ್ಯಂತ ಸಣ್ಣ ಗೇರಿನಲ್ಲಿ, ಎಡಗಾಲನ್ನು ಕ್ಲಚ್ಚಿನಿಂದ ದೂರ ಮಡಚಿಟ್ಟುಕೊಂಡು ಇಳಿದಳು. ಅತ್ತೆ ದಾರಿಯುದ್ದಕ್ಕೂ ಕೀಯ ಕೆಳಗೆ ಅಂಗೈ ಒಡ್ಡಿಕೊಂಡಿದ್ದರು, ದೀಪಕ್ಕೆ ಗಾಳಿ ತಾಗದಂತೆ ಹಿಡಿಯುವ ಹಾಗೆ. ತರಕಾರಿ ಕೊಳ್ಳುವುದು ಇಬ್ಬರಿಗೂ ನೆನಪಾಗಲಿಲ್ಲ.

ಸೋಮವಾರ ಬೆಳಿಗ್ಗೆ ಮಾವ ಕನ್ನಡಕ ಹಾಕಿಕೊಳ್ಳುವ ಮೊದಲೇ ಮಕ್ಕಳ ಮನೆಗಳಿಗೆ ಫೋನು ಮಾಡಿ ಗಾಡಿ ಬರುವುದಿಲ್ಲವೆಂದು ಹೇಳಿ, ಅವಳೇ ಅದನ್ನು ಗ್ಯಾರೇಜಿಗೆ ಒಯ್ದಳು. “ದೀಪ ಹತ್ತಲಿಲ್ಲ. ಕೀ ಅಲುಗಾಡಿಸಿದ್ರೆ ಹತ್ತುತ್ತೆ, ಆರುತ್ತೆ,” ಎಂದಳು. ರೇಡಿಯೊ ಸ್ವಿಚ್ಚು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ಏನೋ ಗಿಲಕಿಯಂತೆ ಗಲಗಲ ಎಂದಿತು.

“ಸಿಕ್ಕಿಬಿದ್ದ ಕಳ್ಳ! ನೋಡಿ, ಒಂದೇ ಪಕ್ಕಕ್ಕೆ ಹೇಗೆ ಸವೆದಿದೆ. ಕೀಗೆ ಏನಾದ್ರೂ ಭಾರ ಕಟ್ಟಿದ್ರಾ ಅಕ್ಕಾ?”

“ಹಳೇ ಗಾಡಿ ಅಲ್ವಾ,” ಎಂದಳು ಅವಳು.

“ಹೊಸದು ಹಾಕ್ತೀನಿ. ಇನ್ಮೇಲೆ ಬರೀ ಕೀ, ಒಂದು ದಾರ ಕೂಡ ಬೇಡ.”

“ದಾರ ಕೂಡ ಇರಲ್ಲ.”

ಜ್ವರ ಬಿಟ್ಟ ಮೇಲೆ ಗಂಡ ಮತ್ತೆ ಬೆಟ್ಟ ಹತ್ತಿದ. ಆ ದಿನ ಸಂಜೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರು. ಹೊರಗೆ ಕತ್ತಲಿಳಿಯುತ್ತಿತ್ತು. ಇಬ್ಬರ ಕಿವಿಯೂ ಮುಂಬಾಗಿಲಲ್ಲಿತ್ತು. ಅತ್ತೆ ಒಂದೇ ಗಡ್ಡೆಯನ್ನು ಸುಲಿದು ಸುಲಿದು ಗೋಲಿಯಷ್ಟು ಮಾಡಿದ್ದರು.

“ಅಡುಗೆ ಆಯ್ತಾ?” ಗಂಡ ಬಾಗಿಲಲ್ಲಿ ನಿಂತಿದ್ದ.

ಇಬ್ಬರೂ ಬೆಚ್ಚಿಬಿದ್ದರು. ಒಂಟಿ ಕೀ ಮೊಳೆಗೆ ಬಿದ್ದ ಸದ್ದು ಯಾರಿಗೂ ಕೇಳಿಸಿರಲಿಲ್ಲ.

“ಏನು, ಭೂತ ನೋಡಿದೋರ ಥರ?” ಎಂದು ಅವನು ನಕ್ಕ. “ನಿಲ್ಲಲಿಲ್ಲ. ಮೋರಿ ಹತ್ರ ಬೇಕಂತಲೇ ಗುಂಡಿಗಿಳಿಸಿದೆ. ಜಪ್ಪಯ್ಯ ಅಂದ್ರೂ ನಿಲ್ಲಲಿಲ್ಲ.”

ಮೇಜಿನ ಸುತ್ತ ಕೂತಾಗ ಮಾವ ಪಲ್ಯದ ಬಟ್ಟಲನ್ನು ಮಗನ ಕಡೆಗೆ ಸರಿಸಿದರು. ತಪ್ಪು ಒಪ್ಪಿಕೊಳ್ಳುವುದು ಅವರಿಗೆ ಅಷ್ಟೇ ಬರುತ್ತಿತ್ತು. “ತಿನ್ನು. ಸೊರಗಿದ್ದೀಯ. ಸ್ವಿಚ್ ಹಾಳಾದ್ರೆ ಯಾವ ಡ್ರೈವರ್ ಏನು ಮಾಡ್ತಾನೆ?” ಆಮೇಲೆ ಕತ್ತೆತ್ತಿ, “ಅದ್ಸರಿ, ಮೊಳೇಲಿ ಒಂದೇ ಕೀ ಇದೆ. ಗೊಂಚಲೆಲ್ಲಿ?” ಎಂದರು.

ಅತ್ತೆಯ ಸೌಟು ನಡುದಾರಿಯಲ್ಲಿ ನಿಂತಿತು. ಉಗುರು ಸೀಳಿದ ಬೆರಳಿಗೆ ಬಟ್ಟೆ ಸುತ್ತಿತ್ತು. ಅವರು ಸೊಸೆಯನ್ನು ನೋಡಲಿಲ್ಲ. ಸೌಟಿನಿಂದ ಬೇಳೆ ತೊಟ್ಟಿಕ್ಕುತ್ತಿರುವುದನ್ನೇ ನೋಡುತ್ತಿದ್ದರು.

“ಗೊಂಚಲಿನ ಬಳೆ ಮುರೀತು ಮಾವ,” ಎಂದಳು ಅವಳು. “ಮನೆ ಕೀಗಳು ಇನ್ನು ಮನೇಲೇ ಇರ್ತವೆ. ಅಡುಗೆಮನೆ ಗೂಟದಲ್ಲಿ.”

“ಅದೇ ಸರಿ,” ಎಂದು ಮಾವ ಊಟಕ್ಕೆ ತೊಡಗಿದರು.

ಅತ್ತೆಯ ಸೌಟು ಅವಳ ತಟ್ಟೆಯ ಮೇಲೆ ಬಂದು ಇಳಿಯಿತು. ಬೇಡವೆಂದು ಕೈ ಅಡ್ಡ ಹಿಡಿದಾಗ ತೋಳಿನ ಬಟ್ಟೆ ಮೇಲೆ ಸರಿಯಿತು. ಅಲ್ಲಿ ನಾಲ್ಕು ಬೆರಳಿನ ಗುರುತು, ನೀಲಿಗಟ್ಟಿ ಅಂಚು ಹಳದಿಯಾಗುತ್ತಿತ್ತು.

“ಇದೇನೇ?” ಗಂಡ ಅವಳ ಕೈ ಹಿಡಿದ. “ಯಾರು ಹೀಗೆ...”

ಅವಳ ಕಣ್ಣ ಮುಂದೆ ಆಕಾಶ ಬಂತು, ಮರಗಳ ತುದಿ, ಅಲುಗಾಡಿದ ಆ ಕಲ್ಲು. ಎದುರಿಗೆ ಗುಬ್ಬಿ ಬಾಯಿ ತುಂಬಿಕೊಂಡು, ಕಣ್ಣರಳಿಸಿ, ಅಜ್ಜಿಯನ್ನೂ ಅಮ್ಮನನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಿದ್ದಳು. ಹೇಳಿದರೆ ಇವನು ನಾಳೆಯಿಂದ ಈ ಮೇಜಿನಲ್ಲಿ ಅಮ್ಮನ ಎದುರು ಹೇಗೆ ಕೂರುತ್ತಾನೆ? ಆ ತಿರುವಿನಲ್ಲಿ ದಿನಾ ಏನನ್ನು ನೆನೆಯುತ್ತಾನೆ?

“ಗಾಡಿ ಬಾಗಿಲು ತಾಗಿತು ರೀ,” ಎಂದಳು, ತೋಳಿನ ಬಟ್ಟೆ ಕೆಳಗೆಳೆದುಕೊಂಡು. “ಊಟ ಮಾಡಿ, ತಣ್ಣಗಾಗುತ್ತೆ.”

ಇವತ್ತಿಗಷ್ಟೇ ಅಲ್ಲ, ಇನ್ನೆಂದೂ, ಯಾರಿಗೂ ಹೇಳುವುದಿಲ್ಲವೆಂದು ಅವಳು ಆಗಲೇ ನಿಶ್ಚಯಿಸಿಯಾಗಿತ್ತು.